ಬೆಳಗೋ ಬೈಗೋ? ಸೂರ್ಯ ಹುಟ್ಟುವ, ಮುಳುಗುವ ಹೊತ್ತನ್ನು ಬರೆಯುವವರಿಗೆ

ಪ್ರಶ್ನೆ: ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಸೂರ್ಯೋದಯ, ಸೂರ್ಯಾಸ್ತ ಹಲವು ಕಡೆ ಬರುತ್ತವೆ. ಕರಡು ಓದಿದ ಗೆಳತಿ, “ಎಲ್ಲ ಕಡೆಯೂ ಆಕಾಶ ಕೆಂಪಾಗುತ್ತದೆ, ಇದು ಬೆಳಗೋ ಸಂಜೆಯೋ ಎಂದು ಗೊತ್ತೇ ಆಗುವುದಿಲ್ಲ” ಎಂದಳು. ನಿಜಕ್ಕೂ ಎರಡಕ್ಕೂ ವ್ಯತ್ಯಾಸ ಇದೆಯೇ? ಗಾಳಿಯಲ್ಲಿ ಧೂಳಿದ್ದರೆ ಸೂರ್ಯಾಸ್ತ ಚೆನ್ನಾಗಿರುತ್ತದೆ ಎನ್ನುತ್ತಾರೆ, ಅದು ಸರಿಯೇ? ಇನ್ನೊಂದು ಸಂಶಯ: ಉತ್ತರ ಗೋಳದಲ್ಲಿ ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21ರ ಹೊತ್ತಿಗೆ. ಆದರೆ ಸೂರ್ಯ ಅತಿ ತಡವಾಗಿ ಹುಟ್ಟುವ ದಿನ ಅದಲ್ಲ ಎಂದು ಕ್ಯಾಲೆಂಡರ್ ಹೇಳುತ್ತದೆ. ಯಾಕೆ?

ಉತ್ತರ: ನಿಮ್ಮ ಗೆಳತಿ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ಬರೀ ಬಣ್ಣವನ್ನು ನೆಚ್ಚಿಕೊಂಡು ಬರೆದರೆ ಬೆಳಗು ಬೈಗುಗಳು ಬೇರೆಯಾಗುವುದಿಲ್ಲ. ಸೂರ್ಯ ದಿಗಂತಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದ್ದಾನೆ, ಅವನ ಬೆಳಕು ಎಷ್ಟು ಗಾಳಿ ದಾಟಿ ಬರುತ್ತಿದೆ, ಆ ಗಾಳಿಯಲ್ಲಿ ಏನೇನು ತೇಲುತ್ತಿದೆ: ಈ ಮೂರೂ ಒಂದೇ ಆಗಿದ್ದರೆ ಬೆಳಗಿನ ಆಕಾಶಕ್ಕೂ ಸಂಜೆಯ ಆಕಾಶಕ್ಕೂ ಭೇದವಿಲ್ಲ. ಭೇದ ಇರುವುದು ಕ್ರಮದಲ್ಲಿ. ಯಾವುದು ಮೊದಲು ಬಂತು, ಯಾವುದರ ಹಿಂದೆ ಯಾವುದು ಹೋಯಿತು, ಆ ಹೊತ್ತಿಗೆ ನೆಲ ಹೇಗಿತ್ತು, ನೋಡುವವರ ಕಣ್ಣು ಎಂಥ ಬೆಳಕಿಗೆ ಒಗ್ಗಿತ್ತು ಎಂಬುದರಲ್ಲಿ. ಸೂರ್ಯಾಸ್ತವನ್ನು ಗೋಡೆಗೆ ತೂಗುಹಾಕಿದ ಚಿತ್ರದಂತೆ ಬರೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದು ಸುಮಾರು ಒಂದೂವರೆ ಗಂಟೆ ನಡೆಯುವ ಘಟನೆ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಒಂದು ಸಂಜೆಯನ್ನು ಸಾವಧಾನವಾಗಿ ನೋಡೋಣ.

ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ, ಅಂದರೆ ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯಷ್ಟು ಎತ್ತರದಲ್ಲಿದ್ದಾಗ, ನೆಟ್ಟಗೆ ನಿಂತವರ ನೆರಳು ಅವರ ಎತ್ತರದ ಸುಮಾರು ಐದೂವರೆ ಪಟ್ಟು ಇರುತ್ತದೆ. 5 ಡಿಗ್ರಿಗೆ ಇಳಿದಾಗ ಹನ್ನೊಂದು ಪಟ್ಟು ದಾಟುತ್ತದೆ. ಆಮೇಲೆ ನೆರಳು ಎಷ್ಟು ಬೇಗ ಉದ್ದವಾಗುತ್ತದೆ ಎಂದರೆ ಅದರ ತುದಿ ಎಲ್ಲಿದೆ ಎಂದು ಗುರುತಿಸುವುದೇ ಕಷ್ಟ. ಬಿಸಿಲು ಹಳದಿಗೆ ತಿರುಗುತ್ತಿರುತ್ತದೆ, ಆದರೆ ಆ ನೆರಳೊಳಗೆ ಬೀಳುವ ಬೆಳಕು ತಲೆಯ ಮೇಲಿನ ನೀಲಿ ಆಕಾಶದ್ದು. ಹಾಗಾಗಿ ಬಿಸಿಲು ಹೊಂಬಣ್ಣವಾದಷ್ಟೂ ನೆರಳು ನೀಲಿಯಾಗಿ ಕಾಣುತ್ತದೆ. ಸುಣ್ಣ ಹೊಡೆದ ಗೋಡೆಯ ಮೇಲೆ ಬಿದ್ದ ನೆರಳನ್ನು ಆ ಹೊತ್ತಿನಲ್ಲಿ ನೋಡಿದರೆ ಇದು ತಕ್ಷಣ ತಿಳಿಯುತ್ತದೆ.

ಬಿಸಿಲು ಹಳದಿಯಾಗಿ ಕೆಂಪಾಗುವುದೇಕೆ? ನಡುನೆತ್ತಿಯಿಂದ ಬರುವ ಬೆಳಕು ದಾಟುವ ಗಾಳಿಯನ್ನು ಒಂದು ಅಳತೆ ಎಂದಿಟ್ಟುಕೊಂಡರೆ, 30 ಡಿಗ್ರಿ ಎತ್ತರದಿಂದ ಬರುವುದು ಎರಡು ಅಳತೆ ದಾಟುತ್ತದೆ, 10 ಡಿಗ್ರಿಯಿಂದ ಬರುವುದು ಐದೂವರೆ, ದಿಗಂತದಿಂದ ಬರುವುದು ಸುಮಾರು 38. ಗಾಳಿಯ ಅಣುಗಳು ಬೆಳಕನ್ನು ಚದುರಿಸುತ್ತವೆ, ಆದರೆ ಎಲ್ಲ ಬಣ್ಣವನ್ನೂ ಸಮನಾಗಿ ಅಲ್ಲ. ಅಲೆಯುದ್ದ ಕಿರಿದಾದಷ್ಟೂ ಚದುರುವಿಕೆ ಹೆಚ್ಚು, ಅದೂ ಅಲೆಯುದ್ದದ ನಾಲ್ಕನೇ ಘಾತಕ್ಕೆ ವಿಲೋಮವಾಗಿ. ಈ ಲೆಕ್ಕವನ್ನು 1871ರಲ್ಲಿ ಕೊಟ್ಟವರು ಜಾನ್ ವಿಲಿಯಂ ಸ್ಟ್ರಟ್, ಮುಂದೆ ಲಾರ್ಡ್ ರೇಲಿ ಎಂದು ಹೆಸರಾದವರು. 450 ನ್ಯಾನೋಮೀಟರಿನ ನೀಲಿ, 650 ನ್ಯಾನೋಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. 38 ಅಳತೆ ಗಾಳಿ ದಾಟುವಷ್ಟರಲ್ಲಿ ನೀಲಿ, ಹಸಿರು ದಾರಿಯಲ್ಲೇ ಸೋರಿಹೋಗಿ ನಮ್ಮ ತನಕ ಬರುವುದು ಕಿತ್ತಳೆ ಮತ್ತು ಕೆಂಪು. ನಮಗೆ ಸಂಜೆಯಾದಾಗ ಪಶ್ಚಿಮಕ್ಕೆ ದೂರದಲ್ಲಿರುವವರಿಗೆ ಇನ್ನೂ ನೀಲಿ ಆಕಾಶ ಕಾಣುತ್ತಿರುತ್ತದೆ. ನಮ್ಮ ಸೂರ್ಯನ ಬೆಳಕಿನಿಂದ ಸೋರಿಹೋದ ನೀಲಿಯ ಒಂದು ಪಾಲು ಅವರ ಆಕಾಶದಲ್ಲಿದೆ.

ಇನ್ನು ಬಿಂಬ ದಿಗಂತವನ್ನು ಮುಟ್ಟುವ ಕ್ಷಣ. ಆಗ ನಾವು ನೋಡುತ್ತಿರುವ ಸೂರ್ಯ ಅಲ್ಲಿಲ್ಲ. ಗಾಳಿ ಬೆಳಕನ್ನು ಬಾಗಿಸುತ್ತದೆ, ದಿಗಂತದ ಹತ್ತಿರ ಈ ಬಾಗು ಸುಮಾರು 34 ಕಲೆ (60 ಕಲೆಗೆ ಒಂದು ಡಿಗ್ರಿ). ಸೂರ್ಯನ ಅಡ್ಡಳತೆ ಸುಮಾರು 32 ಕಲೆ. ಹಾಗಾಗಿ ಬಿಂಬದ ಕೆಳಅಂಚು ಈಗ ತಾನೇ ದಿಗಂತವನ್ನು ಮುಟ್ಟಿದಂತೆ ಕಾಣುವಾಗ, ಗಾಳಿಯೇ ಇಲ್ಲದಿದ್ದರೆ ಇಡೀ ಸೂರ್ಯ ಆಗಲೇ ಕೆಳಗಿಳಿದಿರುತ್ತಿದ್ದ. ಪಂಚಾಂಗ, ಪತ್ರಿಕೆಗಳಲ್ಲಿ ಅಚ್ಚಾಗುವ ಸಮಯಕ್ಕೂ ಇದನ್ನೇ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ: ಬಿಂಬದ ಮೇಲಂಚು ಕಾಣುವ ಕ್ಷಣ ಉದಯ, ಅದೇ ಮೇಲಂಚು ಮರೆಯಾಗುವ ಕ್ಷಣ ಅಸ್ತ, ಆಗ ಸೂರ್ಯನ ನಡುಬಿಂದು ನಿಜದಲ್ಲಿ ದಿಗಂತಕ್ಕಿಂತ 50 ಕಲೆ ಕೆಳಗೆ. ವಿಷುವದ್ ದಿನ ಹಗಲು ರಾತ್ರಿ ಸರಿಸಮ ಎಂದು ಶಾಲೆಯಲ್ಲಿ ಕಲಿತಿದ್ದರೂ ಆ ದಿನ ಸಮಭಾಜಕ ವೃತ್ತದಲ್ಲೂ ಹಗಲು ಹನ್ನೆರಡು ಗಂಟೆಗಿಂತ ಸುಮಾರು ಏಳು ನಿಮಿಷ ಹೆಚ್ಚಿರುವುದು ಇದರಿಂದಲೇ.

ಬಾಗು ದಿಗಂತದಲ್ಲಿ ಹೆಚ್ಚು, ಸ್ವಲ್ಪ ಮೇಲೆ ಹೋದರೆ ಕಡಿಮೆ. ಹೀಗಾಗಿ ಬಿಂಬದ ಕೆಳಅಂಚು ಮೇಲಂಚಿಗಿಂತ ಹೆಚ್ಚು ಎತ್ತಲ್ಪಟ್ಟು, ಸೂರ್ಯ ಮೇಲಿಂದ ಕೆಳಕ್ಕೆ ಅದುಮಿದಂತೆ ಚಪ್ಪಟೆಯಾಗುತ್ತಾನೆ. “ದಿಗಂತದಲ್ಲಿ ಸೂರ್ಯ ದೊಡ್ಡದಾದ” ಎಂದು ಎಲ್ಲರೂ ಬರೆಯುತ್ತಾರೆ. ಪಾತ್ರದ ಕಣ್ಣಿಗೆ ಹಾಗೆ ಕಂಡಿತೆಂದು ಬರೆಯಲು ಅಡ್ಡಿಯಿಲ್ಲ, ಏಕೆಂದರೆ ಮಿದುಳು ನಿಜಕ್ಕೂ ಹಾಗೆ ತೋರಿಸುತ್ತದೆ. ಅಳೆದು ನೋಡಿದರೆ ಮಾತ್ರ ಅಡ್ಡಗಲ ಅಷ್ಟೇ, ಎತ್ತರ ಕಡಿಮೆಯೇ. ನೆಲದ ಮೇಲೆ ಬಿಸಿ ಮತ್ತು ತಣ್ಣನೆಯ ಗಾಳಿಯ ಪದರಗಳಿದ್ದರೆ ಬಿಂಬದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಕೆಲವೊಮ್ಮೆ ಬುಡದಲ್ಲಿ ಪೀಠವಿದ್ದಂತೆ ಕಾಣುತ್ತದೆ. ಸಮುದ್ರದಂಥ ತೆರೆದ ದಿಗಂತವಿದ್ದು ಗಾಳಿ ತಿಳಿಯಾಗಿದ್ದರೆ, ಕೊನೆಯ ಚೂರು ಮರೆಯಾಗುವ ಒಂದೆರಡು ಸೆಕೆಂಡು ಅದು ಹಸಿರಾಗಿ ಹೊಳೆಯುವುದೂ ಉಂಟು. ಗಾಳಿ ಬೇರೆ ಬೇರೆ ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಕೆಂಪು ಚೂರು ಮೊದಲು ಮುಳುಗಿ ಹಸಿರು ಕೊನೆಗೆ ಉಳಿಯುತ್ತದೆ. ಅದನ್ನು ನೋಡಲು ಹೋಗುವವರಿಗೆ ಒಂದು ಮಾತು: ಬಿಂಬ ಬಹುಪಾಲು ಮುಳುಗುವ ತನಕ ದಿಟ್ಟಿಸಬೇಡಿ, ದುರ್ಬೀನಿನಲ್ಲಂತೂ ಸೂರ್ಯನನ್ನು ನೋಡಲೇಬೇಡಿ.

ಬಾಗುವಿಕೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ 1597ರ ಒಂದು ದಾಖಲೆಯಿದೆ. ವಿಲ್ಲೆಮ್ ಬಾರೆಂಟ್ಸ್ ಎಂಬ ಡಚ್ ನಾವಿಕನ ತಂಡ ಆರ್ಕ್ಟಿಕ್ ಸಾಗರದ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿ ಚಳಿಗಾಲ ಕಳೆಯುತ್ತಿತ್ತು. ದೀರ್ಘ ರಾತ್ರಿ ಮುಗಿದು ಸೂರ್ಯ ಕಾಣಬೇಕಾದ ದಿನಕ್ಕಿಂತ ಸುಮಾರು ಎರಡು ವಾರ ಮೊದಲೇ, ಜನವರಿ 24ರಂದು, ಅವರಿಗೆ ಸೂರ್ಯನ ಅಂಚು ಕಂಡಿತು. ತಂಡದಲ್ಲಿದ್ದ ಗೆರಿಟ್ ಡೆ ವೀರ್ ಅದನ್ನು ಬರೆದಿಟ್ಟ. ಹಲವರು ನಂಬಲಿಲ್ಲ. ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತಾಗ ಬೆಳಕು ಆ ಎರಡರ ನಡುವೆ ಸಿಕ್ಕಿ ಭೂಮಿಯ ಬಾಗನ್ನೇ ಅನುಸರಿಸಿ ನೂರಾರು ಕಿಲೋಮೀಟರ್ ಸಾಗಬಲ್ಲದು ಎಂದು ಈಗ ತಿಳಿದಿದೆ, ಆ ವಿದ್ಯಮಾನಕ್ಕೆ ಆ ದ್ವೀಪದ ಹೆಸರೇ ಇದೆ.

ಸೂರ್ಯ ಮುಳುಗಿದ. ಬಹಳ ಬರಹಗಳು ಇಲ್ಲಿಗೆ ನಿಲ್ಲುತ್ತವೆ, ಜನರೂ ಇಲ್ಲಿಗೆ ಎದ್ದು ಹೊರಡುತ್ತಾರೆ. ನನ್ನ ಮಟ್ಟಿಗೆ ನೋಡಬೇಕಾದದ್ದು ಇಲ್ಲಿಂದ ಶುರು. ಈಗ ಪಶ್ಚಿಮಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ತಿರುಗಿ. ಮೋಡವಿಲ್ಲದ ಸಂಜೆಯಾದರೆ ಕೆಲವೇ ನಿಮಿಷಗಳಲ್ಲಿ ಪೂರ್ವದ ಅಂಚಿನಿಂದ ಬೂದುನೀಲಿ ಪಟ್ಟಿಯೊಂದು ಏಳುತ್ತದೆ, ಅದರ ಮೇಲೆ ನಸುಗೆಂಪು ಪಟ್ಟಿ. ಕೆಳಗಿನದು ಮೋಡವಲ್ಲ, ಮಂಜಲ್ಲ. ಅದು ಭೂಮಿಯದೇ ನೆರಳು, ನಮ್ಮ ವಾಯುಮಂಡಲದ ಮೇಲೆ ಬಿದ್ದದ್ದು. ಮೇಲಿನ ನಸುಗೆಂಪಿಗೆ ‘ಶುಕ್ರನ ಪಟ್ಟಿ’ ಎಂಬ ಹೆಸರಿದೆ, ಕೆಂಪಾದ ಬೆಳಕು ಗಾಳಿಯಿಂದ ನಮ್ಮ ಕಡೆಗೆ ಹಿಂದಿರುಗಿ ಚದುರಿದ್ದರಿಂದ ಆದದ್ದು. ಸೂರ್ಯ ಕೆಳಗಿಳಿದಷ್ಟೂ ನೆರಳು ಮೇಲೇರಿ, ಅದರ ಗಡಿ ಮಸುಕಾಗಿ, ಕೊನೆಗೆ ಇರುಳಿನಲ್ಲಿ ಕಲಸಿಹೋಗುತ್ತದೆ. ಕತ್ತಲೆ ಪೂರ್ವದಿಂದ ಏರುತ್ತದೆ ಎಂದು ಬರೆದರೆ ಅದು ಅಲಂಕಾರವಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ ಮಾತು. ನಿಮ್ಮ ಕಾದಂಬರಿಯಲ್ಲಿ ಯಾರಾದರೊಬ್ಬರು ಸೂರ್ಯಾಸ್ತಕ್ಕೆ ಬೆನ್ನು ಹಾಕಿ ನಿಂತಿದ್ದರೆ ಅವರಿಗೆ ಇಷ್ಟೆಲ್ಲ ಕಾಣುತ್ತದೆ.

ಮತ್ತೆ ಪಶ್ಚಿಮಕ್ಕೆ ಬನ್ನಿ. ಅಂಚಿನಲ್ಲಿ ಕಿತ್ತಳೆ, ಅದರ ಮೇಲೆ ಹಳದಿ, ಅದಕ್ಕೂ ಮೇಲೆ ತೆಳುವಾದ ಹಸಿರುಛಾಯೆ, ಆಮೇಲೆ ನೀಲಿ. ಸೂರ್ಯ 4 ಡಿಗ್ರಿ ಕೆಳಗಿಳಿದ ಹೊತ್ತಿಗೆ, ಅದೃಷ್ಟವಿದ್ದರೆ, ಈ ಎಲ್ಲದರ ಮೇಲೆ ನೇರಳೆ ಮಿಶ್ರಿತ ಗುಲಾಬಿ ಬೆಳಕೊಂದು ಹರಡಿ ಸ್ವಲ್ಪ ಹೊತ್ತಿನಲ್ಲೇ ಅಡಗುತ್ತದೆ. ವಾಯುಮಂಡಲದ ಎತ್ತರದ ಪದರದಲ್ಲಿ ನವಿರಾದ ಕಣಗಳಿದ್ದಷ್ಟೂ ಅದು ಗಾಢ. ತಲೆಯ ಮೇಲಿನ ಆಕಾಶ ಈಗ ಹಗಲಿಗಿಂತಲೂ ಆಳವಾದ ನೀಲಿ. ಈ ನೀಲಿಗೆ ಹಗಲಿನ ವಿವರಣೆ ಸಾಲದು. ಗಾಳಿಯ ಚದುರುವಿಕೆಯೊಂದೇ ಕೆಲಸ ಮಾಡಿದ್ದರೆ ಸಂಜೆಯ ನಡುನೆತ್ತಿ ಹಳದಿಯ ಕಡೆಗೆ ವಾಲಬೇಕಿತ್ತು. 1953ರಲ್ಲಿ ಅಮೆರಿಕದ ಎಡ್ವರ್ಡ್ ಹಲ್ಬರ್ಟ್ ಲೆಕ್ಕ ಹಾಕಿ ತೋರಿಸಿದಂತೆ ಇಲ್ಲಿ ಕೆಲಸ ಮಾಡುವುದು ಓಝೋನ್. ಸೂರ್ಯ ಕೆಳಗಿರುವಾಗ ಬೆಳಕು ಓಝೋನ್ ಪದರವನ್ನು ಓರೆಯಾಗಿ, ಬಹುದೂರ ಹಾಯ್ದು ಬರುತ್ತದೆ. ಓಝೋನ್ ಹಳದಿ, ಕಿತ್ತಳೆ ಬಣ್ಣಗಳನ್ನು ಒಂದಿಷ್ಟು ಹೀರಿಕೊಳ್ಳುತ್ತದೆ, ಉಳಿದದ್ದು ನೀಲಿ. ಮುಸ್ಸಂಜೆಯ ನೀಲಿ ಹಗಲಿನ ನೀಲಿಗಿಂತ ಬೇರೆ ಎಂದು ನಿಮಗೆ ಎಂದಾದರೂ ಅನಿಸಿದ್ದರೆ ಆ ಅನಿಸಿಕೆ ಸರಿ.

ಸೂರ್ಯ 6 ಡಿಗ್ರಿ ಕೆಳಗಿಳಿಯುವ ತನಕದ ಹೊತ್ತು ‘ನಾಗರಿಕ ಸಂಧ್ಯಾಕಾಲ’. ದೀಪವಿಲ್ಲದೆ ಹೊರಗಿನ ಕೆಲಸ ನಡೆಯುತ್ತದೆ, ಅದರ ಕೊನೆಗೆ ಪ್ರಕಾಶಮಾನವಾದ ನಕ್ಷತ್ರ ಗ್ರಹಗಳು ಕಾಣತೊಡಗುತ್ತವೆ. 12 ಡಿಗ್ರಿಯ ತನಕ ‘ನೌಕಾ ಸಂಧ್ಯಾಕಾಲ’: ನಕ್ಷತ್ರಗಳೂ ಕಾಣುತ್ತವೆ, ಸಮುದ್ರದ ಅಂಚೂ ಕಾಣುತ್ತದೆ, ಹಾಗಾಗಿ ನಾವಿಕರು ನಕ್ಷತ್ರಗಳ ಎತ್ತರ ಅಳೆದು ದಾರಿ ಲೆಕ್ಕ ಹಾಕಲು ಇದೇ ಹೊತ್ತು. 18 ಡಿಗ್ರಿಗೆ ಪೂರ್ತಿ ಇರುಳು. ಈ ನಡುವೆ ಕಣ್ಣಿನಲ್ಲೂ ಒಂದು ಬದಲಾವಣೆ ನಡೆಯುತ್ತದೆ, ಬರೆಯುವವರಿಗೆ ಅದು ಬಹಳ ಬೆಲೆಯುಳ್ಳದ್ದು. ಬೆಳಕು ಕುಂದಿದಂತೆ ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ, ಹಸಿರು ನೀಲಿಗಳು ಇನ್ನೂ ಮಸುಕಾಗಿ ಉಳಿದಿರುತ್ತವೆ. ಹಗಲಿನಲ್ಲಿ ಎಲೆಗಿಂತ ಉಜ್ವಲವಾಗಿದ್ದ ಕೆಂಪು ಹೂವು ಮುಸ್ಸಂಜೆಯಲ್ಲಿ ಎಲೆಗಿಂತ ಕಪ್ಪಾಗಿ ಕಾಣುತ್ತದೆ. 19ನೇ ಶತಮಾನದ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ಗಮನಿಸಿ ಬರೆದರು. ಸಂಜೆಗತ್ತಲಲ್ಲಿ ನಾಯಕಿಯ ಕೆಂಪು ಸೀರೆ ಕಣ್ಣು ಸೆಳೆಯಿತು ಎಂಬಂಥ ವಾಕ್ಯಗಳನ್ನು ಬರೆಯುವ ಮುನ್ನ ಇದು ನೆನಪಿರಲಿ. ಅಲ್ಲಿ ಕಣ್ಣು ಸೆಳೆಯುವುದು ಬಿಳಿ, ಇಲ್ಲವೇ ತಿಳಿನೀಲಿ.

ಬೆಳಗಿಗೆ ಈ ಇಡೀ ಸಾಲನ್ನು ಹಿಂದುಮುಂದಾಗಿಸಿ. ಮೊದಲು ಪೂರ್ವದ ಅಂಚಿನಲ್ಲಿ ಬೂದು ಬೆಳಕು, ಚಿಕ್ಕ ನಕ್ಷತ್ರಗಳು ಮೊದಲು, ದೊಡ್ಡವು ಆಮೇಲೆ ಅಳಿಸಿಹೋಗುವುದು, ಹಸಿರು ಎಲೆಗೆ ಬಣ್ಣ ಬಂದ ಮೇಲೆ ಕೆಂಪು ಹೂವಿಗೆ ಬರುವುದು, ಪಶ್ಚಿಮದಲ್ಲಿ ಭೂಮಿಯ ನೆರಳು ಇಳಿಯುವುದು, ಕೊನೆಗೆ ಬಿಂಬ. ಸಂಜೆಯ ವರ್ಣನೆ ಬಿಂಬದಿಂದ ಆರಂಭವಾದರೆ ಬೆಳಗಿನದು ಬಿಂಬದಲ್ಲಿ ಮುಗಿಯಬೇಕು. ಅನೇಕರು ಬೆಳಗನ್ನೂ ಬಿಂಬದಿಂದಲೇ ಶುರುಮಾಡುತ್ತಾರೆ, ನಿಮ್ಮ ಗೆಳತಿಗೆ ಗೊಂದಲವಾಗಿದ್ದು ಬಹುಶಃ ಇದರಿಂದ. ಬೆಟ್ಟದ ತುದಿ, ಮರದ ನೆತ್ತಿ ಮೊದಲು ಬೆಳಗಿ ಬಿಸಿಲು ಮೇಲಿಂದ ಕೆಳಕ್ಕೆ ಇಳಿಯುವುದು ಬೆಳಗು. ಸಂಜೆಯಲ್ಲಿ ನೆರಳು ಬುಡದಿಂದ ಮೇಲಕ್ಕೆ ಹತ್ತುತ್ತದೆ.

ಆಕಾಶಕ್ಕಿಂತ ಹೆಚ್ಚು ಬೇರೆಯಾಗಿರುವುದು ನೆಲ. ರಾತ್ರಿಯಿಡೀ ನೆಲ ಶಾಖ ಕಳೆದುಕೊಂಡಿರುತ್ತದೆ. ಸೂರ್ಯ ಹುಟ್ಟಿದ ಕೂಡಲೇ ಅದು ನಿಲ್ಲುವುದಿಲ್ಲ, ಬರುವ ಶಾಖ ಹೋಗುವ ಶಾಖವನ್ನು ಮೀರುವ ತನಕ ಚಳಿ ಏರುತ್ತಲೇ ಇರುತ್ತದೆ. ಆಕಾಶ ತಿಳಿಯಾಗಿದ್ದ ರಾತ್ರಿಯ ಕೊನೆಯಲ್ಲಿ ಅತಿ ತಣ್ಣನೆಯ ಗಳಿಗೆ ನಡುರಾತ್ರಿಯಲ್ಲ, ಸೂರ್ಯ ಹುಟ್ಟಿದ ಕೆಲವು ನಿಮಿಷಗಳ ನಂತರ. ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು, ಹಾಗಾಗಿ ಮೇಲಿನದು ಕೆಳಗಿನದರ ಜೊತೆ ಬೆರೆಯುವುದಿಲ್ಲ. ಗಾಳಿ ನಿಂತಂತಿರುತ್ತದೆ, ಹೊಗೆ ಮೇಲೇರದೆ ಅಡ್ಡಕ್ಕೆ ಹರಡುತ್ತದೆ, ತಗ್ಗಿನಲ್ಲಿ ಮಂಜು ನಿಂತಿರುತ್ತದೆ, ಹುಲ್ಲಿನ ಮೇಲೆ ಇಬ್ಬನಿ, ದೂರದ ಸದ್ದು ಹತ್ತಿರದ್ದೆಂಬಂತೆ ಕೇಳುತ್ತದೆ. ಸಂಜೆಯ ನೆಲ ಬೆಚ್ಚಗಿರುತ್ತದೆ, ಕಲ್ಲು ಗೋಡೆಗಳು ಇನ್ನೂ ಬಿಸಿ ಉಗುಳುತ್ತಿರುತ್ತವೆ. ಹಗಲಿನ ಕಾವಿಗೆ ಎದ್ದ ಹತ್ತಿಯಂಥ ಮೋಡಗಳು ಆ ಕಾವು ನಿಂತ ಕೂಡಲೇ ಚಪ್ಪಟೆಯಾಗಿ ಕರಗುತ್ತವೆ. ದಿನವೆಲ್ಲ ಎದ್ದ ಧೂಳು, ಹೊಗೆ ಗಾಳಿಯಲ್ಲಿ ಉಳಿದಿರುತ್ತದೆ. ಕಣ್ಣೂ ಬೇರೆ: ಮುಂಜಾವಿನಲ್ಲಿ ಕತ್ತಲಿಗೆ ಪೂರ್ತಿ ಒಗ್ಗಿದ ಕಣ್ಣಿಗೆ ಅಷ್ಟು ಕಡಿಮೆ ಬೆಳಕೂ ಧಾರಾಳ. ಅದೇ ಬೆಳಕು ಸಂಜೆಯಲ್ಲಿ, ಹಗಲಿಗೆ ಒಗ್ಗಿದ ಕಣ್ಣಿಗೆ, ಕತ್ತಲೆ ಎನಿಸುತ್ತದೆ.

ಈಗ ಧೂಳಿನ ಪ್ರಶ್ನೆ. ಬಿಂಬದ ಕೆಂಪು ಬೇರೆ, ಬಾನಿನ ಕೆಂಪು ಬೇರೆ. ಇವೆರಡನ್ನು ಬೆರೆಸಿದ್ದರಿಂದಲೇ ಧೂಳಿದ್ದರೆ ಸೂರ್ಯಾಸ್ತ ಚೆನ್ನ ಎಂಬ ಮಾತು ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ. ನೆಲಕ್ಕೆ ಹತ್ತಿರದ ಒಂದೆರಡು ಕಿಲೋಮೀಟರಿನ ಗಾಳಿಯಲ್ಲಿ ಧೂಳು, ಹೊಗೆ ತುಂಬಿದ್ದರೆ ಬಿಂಬ ಮಂಕಾದ ಕೆಂಪು ತಟ್ಟೆಯಾಗಿ ಕಾಣುತ್ತದೆ, ಕೆಲವು ಸಲ ದಿಗಂತ ಮುಟ್ಟುವ ಮೊದಲೇ ಮಬ್ಬಿನಲ್ಲಿ ಕಾಣೆಯಾಗುತ್ತದೆ. ಆದರೆ ಆ ದೊಡ್ಡ ಕಣಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ಆಕಾಶ ಬಿಳಿಚಿಕೊಂಡು ಬಣ್ಣಗಳು ಕದಡಿಹೋಗುತ್ತವೆ. ಬಾನು ತುಂಬ ಓಕುಳಿ ಚೆಲ್ಲುವ ಸಂಜೆ ಬೇಕಿದ್ದರೆ ಗಾಳಿ ತೊಳೆದಂತಿರಬೇಕು. ಮಳೆ ಬಂದು ಹೋದ ಸಂಜೆಯ ಬಣ್ಣ ಅಷ್ಟು ನಿಚ್ಚಳವಾಗಿರುವುದು ಅದಕ್ಕೇ.

ಇದಕ್ಕೆ ದೊಡ್ಡದೊಂದು ಅಪವಾದವಿದೆ: ಜ್ವಾಲಾಮುಖಿ. ಅದರ ಗಂಧಕದ ಅನಿಲ ಇಪ್ಪತ್ತು ಕಿಲೋಮೀಟರಿಗೂ ಮೇಲೆ ಹೋಗಿ ಗಂಧಕಾಮ್ಲದ ಅತಿ ಸಣ್ಣ ಹನಿಗಳಾಗುತ್ತದೆ, ಮಳೆ ತಲುಪದ ಎತ್ತರವಾದ್ದರಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. 1883ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಕ್ರಕಟೋವ ಸಿಡಿದ ಮೇಲೆ ಜಗತ್ತಿನ ಬಹುಭಾಗದಲ್ಲಿ ಸಂಜೆಗಳು ಬೆಂಕಿಯಂತೆ ಉರಿದವು. ಆ ನವೆಂಬರಿನಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಎಲ್ಲೋ ಬೆಂಕಿ ಬಿದ್ದಿದೆಯೆಂದು ತಿಳಿದು ಅಗ್ನಿಶಾಮಕ ಗಾಡಿಗಳನ್ನೇ ಕರೆಸಿದರು. ಲಂಡನ್ನಿನ ಚೆಲ್ಸಿಯಲ್ಲಿ ವಿಲಿಯಂ ಆಸ್ಕ್ರಾಫ್ಟ್ ಎಂಬ ಚಿತ್ರಕಾರ ಥೇಮ್ಸ್ ನದಿಯ ದಂಡೆಯಲ್ಲಿ ಕೂತು ಆ ಸಂಜೆಗಳನ್ನು ಬಣ್ಣದ ಕಡ್ಡಿಗಳಲ್ಲಿ ಬರೆದ. ಅಂಥ ಐನೂರಕ್ಕೂ ಹೆಚ್ಚು ಚಿತ್ರಗಳಿವೆ. ಅವುಗಳಲ್ಲಿ ಕೆಲವನ್ನು ರಾಯಲ್ ಸೊಸೈಟಿ 1888ರ ತನ್ನ ವರದಿಯಲ್ಲಿ ಅಚ್ಚು ಹಾಕಿತು. ಒಂದೇ ಸಂಜೆಯನ್ನು ಸ್ವಲ್ಪ ಸ್ವಲ್ಪ ಹೊತ್ತಿನ ಅಂತರದಲ್ಲಿ ಒಂದಾದ ಮೇಲೊಂದರಂತೆ ಚಿತ್ರಿಸಿದ್ದರಲ್ಲಿ ಅವನ ಹೆಚ್ಚುಗಾರಿಕೆಯಿದೆ. ಬರಹಗಾರರಿಗೆ ಅವನಿಗಿಂತ ಒಳ್ಳೆಯ ಗುರು ನನಗೆ ಕಾಣುವುದಿಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದ ಬಳಿಕವೂ ಅಂಥ ಸಂಜೆಗಳು ಕಂಡವು.

ಮೋಡಗಳಲ್ಲಿ ಎತ್ತರ ನೋಡಬೇಕು. ಎತ್ತರದ ಗರಿಮೋಡ, ಮಧ್ಯದ ಎತ್ತರದ ಸಾಲುಮೋಡ ನೆಲದ ಮಬ್ಬಿನಿಂದ ಮೇಲಿರುವುದರಿಂದ ಬಣ್ಣ ಅಚ್ಚವಾಗಿ ಹಿಡಿಯುತ್ತವೆ. ತಗ್ಗಿನ ಮೋಡ ಬಹುತೇಕ ಬೂದು. ಹತ್ತು ಕಿಲೋಮೀಟರ್ ಎತ್ತರದಲ್ಲಿ, ನಮ್ಮ ನೆತ್ತಿಯ ಮೇಲಿರುವ ಮೋಡಕ್ಕೆ ಸೂರ್ಯ ಮುಳುಗುವುದು ಅವನು ನಮಗಿಂತ 3 ಡಿಗ್ರಿ ಹೆಚ್ಚು ಇಳಿದ ಮೇಲೆ. ಹೀಗಾಗಿ ಸಂಜೆ ತಗ್ಗಿನ ಮೋಡ ಮೊದಲು ಕಪ್ಪಾಗಿ ಎತ್ತರದ್ದು ಕೊನೆಗೆ ಆರುತ್ತದೆ, ಬೆಳಿಗ್ಗೆ ಎತ್ತರದ್ದೇ ಮೊದಲು ಹೊತ್ತಿಕೊಳ್ಳುತ್ತದೆ. ಆಗ ಬೆಳಕು ಮೋಡದ ಹೊಟ್ಟೆಗೆ ಕೆಳಗಿನಿಂದ ಬೀಳುತ್ತದೆ. ಇದೆಲ್ಲ ಆಗಲು ಸೂರ್ಯನಿರುವ ಕಡೆಯ ದಿಗಂತ ದೂರದ ತನಕ ತೆರೆದಿರಬೇಕು. ತಲೆಯ ಮೇಲೆ ಎಷ್ಟು ಚೆಲುವಾದ ಮೋಡವಿದ್ದರೂ ಪಶ್ಚಿಮದಲ್ಲಿ ದಟ್ಟ ಮೋಡ ಕೂತಿದ್ದರೆ ಏನೂ ಆಗುವುದಿಲ್ಲ. ಮೋಡದ ಸಂದಿನಿಂದ ಬೀಸಣಿಗೆಯಂತೆ ಹರಡುವ ಕಿರಣಗಳು ನಿಜದಲ್ಲಿ ಸಮಾನಾಂತರ, ರೈಲು ಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುವ ಹಾಗೆ. ಅವು ನೆತ್ತಿ ದಾಟಿ ಎದುರು ದಿಕ್ಕಿನಲ್ಲಿ ಮತ್ತೆ ಒಂದು ಬಿಂದುವಿನತ್ತ ಕೂಡುವುದನ್ನೂ ಕೆಲವು ಸಂಜೆ ನೋಡಬಹುದು.

ಕಥೆ ಎಲ್ಲಿ ನಡೆಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ವಿಷುವದ್ ದಿನ ಸಮಭಾಜಕ ವೃತ್ತದಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಬಿಂಬ ಮುಳುಗಲು ಎರಡು ನಿಮಿಷದ ಮೇಲೆ ಕೆಲವು ಸೆಕೆಂಡು ಸಾಕು, 18 ಡಿಗ್ರಿಯ ಪೂರ್ತಿ ಸಂಧ್ಯಾಕಾಲ ಸುಮಾರು 70 ನಿಮಿಷದಲ್ಲಿ ಮುಗಿಯುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಅದೇ ಬಿಂಬ ಓರೆಯಾಗಿ ಜಾರುತ್ತ ನಾಲ್ಕು ನಿಮಿಷ ದಾಟಿಸುತ್ತದೆ. 49 ಡಿಗ್ರಿಯಿಂದ ಆಚೆಗೆ ನಡುಬೇಸಗೆಯಲ್ಲಿ ಪೂರ್ತಿ ಇರುಳೇ ಆಗುವುದಿಲ್ಲ. ಧ್ರುವದಲ್ಲಿ ವರ್ಷಕ್ಕೆ ಒಂದು ಉದಯ, ಒಂದು ಅಸ್ತ. ಸರಿಯಾಗಿ ಪೂರ್ವದಲ್ಲಿ ಸೂರ್ಯ ಹುಟ್ಟುವುದು ವಿಷುವದ್ ದಿನಗಳ ಹೊತ್ತಿಗೆ ಮಾತ್ರ. ಜೂನ್ ಕೊನೆಯಲ್ಲಿ ಸಮಭಾಜಕದಲ್ಲಿ ಅವನು ಪೂರ್ವದಿಂದ 23 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ, 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ 34, 60ರಲ್ಲಿ 50ಕ್ಕೂ ಹೆಚ್ಚು. ಅದೇ ಕಿಟಕಿಯಿಂದ ಜೂನಿನಲ್ಲೂ ಡಿಸೆಂಬರಿನಲ್ಲೂ ನಿಮ್ಮ ಪಾತ್ರಕ್ಕೆ ಒಂದೇ ಜಾಗದಲ್ಲಿ ಸೂರ್ಯ ಕಾಣಲಾರ.

ಓರೆಯ ದಿಕ್ಕಿನಲ್ಲಿ ಇನ್ನೊಂದು ಗುಟ್ಟಿದೆ. ಉತ್ತರ ಗೋಳದ ನಡು ಅಕ್ಷಾಂಶಗಳಲ್ಲಿ ಸೂರ್ಯ ಬಲಕ್ಕೆ ವಾಲಿ ಏರುತ್ತಾನೆ, ಬಲಕ್ಕೇ ವಾಲಿ ಇಳಿಯುತ್ತಾನೆ. ದಕ್ಷಿಣದಲ್ಲಿ ಎರಡೂ ಎಡಕ್ಕೆ. ಹೀಗಾಗಿ ಉತ್ತರದ ಸೂರ್ಯಾಸ್ತದ ವಿಡಿಯೋವನ್ನು ಹಿಂದುಮುಂದು ಓಡಿಸಿ ಸೂರ್ಯೋದಯ ಎಂದು ತೋರಿಸಿದರೆ ಸೂರ್ಯ ಎಡಕ್ಕೆ ವಾಲಿ ಏರುತ್ತಾನೆ, ತಿಳಿದವರಿಗೆ ಅದು ದಕ್ಷಿಣ ಗೋಳದ ಬೆಳಗಾಗಿ ಕಾಣುತ್ತದೆ. ಒಂದೇ ಒಂದು ಸ್ಥಿರಚಿತ್ರದಲ್ಲಿ ಮಾತ್ರ, ದಿಕ್ಕು ಗೊತ್ತಿಲ್ಲದಿದ್ದರೆ, ಬೆಳಗೋ ಬೈಗೋ ಎಂದು ಖಚಿತವಾಗಿ ಹೇಳಲಾಗದು.

ಚಂದ್ರನಿದ್ದರೆ ಸುಳಿವು ಸಿಗುತ್ತದೆ, ಕಥೆಗಾರರು ಎಡವುವುದೂ ಇಲ್ಲೇ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಎದುರು ದಿಕ್ಕಿನಲ್ಲಿ ಹುಟ್ಟುತ್ತಾನೆ. ಬಿದಿಗೆಯ ಎಳೆಚಂದ್ರ ಸಂಜೆ ಪಶ್ಚಿಮದಲ್ಲಿ ಮಾತ್ರ ಕಾಣುತ್ತಾನೆ, ಕೃಷ್ಣಪಕ್ಷದ ಕೊನೆಯ ತೆಳುಗೆರೆ ಬೆಳಗಿನ ಪೂರ್ವದಲ್ಲಿ ಮಾತ್ರ. ಕೋಡುಗಳು ಯಾವಾಗಲೂ ಸೂರ್ಯನಿಗೆ ವಿಮುಖ. ಸೂರ್ಯಾಸ್ತದ ಹೊತ್ತಿಗೆ ಪೂರ್ವದಲ್ಲಿ ಏಳುವ ಎಳೆಚಂದ್ರ ಅಚ್ಚಾದ ಕಥೆಗಳಲ್ಲಿ ಎಷ್ಟೋ ಸಲ ಬಂದಿದ್ದಾನೆ, ಆಕಾಶದಲ್ಲಿ ಒಮ್ಮೆಯೂ ಬಂದಿಲ್ಲ. ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಅದನ್ನು ನಡುರಾತ್ರಿಯ ನೆತ್ತಿಯ ಮೇಲೆ ಕೂರಿಸಬೇಡಿ.

ಕೊನೆಗೆ ನಿಮ್ಮ ಕ್ಯಾಲೆಂಡರಿನ ಸಂಶಯ. ಹಗಲಿನ ಉದ್ದವೇ ಬೇರೆ, ಆ ಹಗಲು ಗಡಿಯಾರದ ಮೇಲೆ ಎಲ್ಲಿ ಕೂರುತ್ತದೆ ಎಂಬುದೇ ಬೇರೆ. ಸೂರ್ಯ ನೆತ್ತಿಯ ಗೆರೆ ದಾಟುವ ನಿಜವಾದ ನಡುಹಗಲು ಪ್ರತಿದಿನ ಗಡಿಯಾರದ ಅದೇ ನಿಮಿಷಕ್ಕೆ ಬರುವುದಿಲ್ಲ. ನವೆಂಬರ್ ಆರಂಭದಲ್ಲಿ ಅದು ಸರಾಸರಿಗಿಂತ 16 ನಿಮಿಷದಷ್ಟು ಮುಂಚೆ, ಫೆಬ್ರವರಿ ನಡುವಿನಲ್ಲಿ 14 ನಿಮಿಷದಷ್ಟು ತಡ. ಕಾರಣ ಎರಡು. ಭೂಮಿಯ ಕಕ್ಷೆ ದೀರ್ಘವೃತ್ತ, ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ಅತಿ ವೇಗವಾಗಿ ಓಡುತ್ತದೆ. ಜೊತೆಗೆ ಅಕ್ಷ 23.4 ಡಿಗ್ರಿ ವಾಲಿದೆ. ಈ ಎರಡೂ ಸೇರಿ ಡಿಸೆಂಬರ್ ಕೊನೆಯಲ್ಲಿ ಒಂದು ನಡುಹಗಲಿನಿಂದ ಇನ್ನೊಂದಕ್ಕೆ 24 ಗಂಟೆಯ ಮೇಲೆ ಸುಮಾರು 30 ಸೆಕೆಂಡು ಹಿಡಿಯುತ್ತದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಹಗಲಿನ ಉದ್ದ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಆದರೆ ಇಡೀ ಹಗಲು ದಿನಕ್ಕೆ ಅರ್ಧ ನಿಮಿಷದಂತೆ ಗಡಿಯಾರದ ಮೇಲೆ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಉದಯವೂ ತಡವಾಗುತ್ತದೆ, ಅಸ್ತವೂ ತಡವಾಗುತ್ತದೆ. 40 ಡಿಗ್ರಿ ಉತ್ತರದಲ್ಲಿ ಅತಿ ಬೇಗನೆ ಸೂರ್ಯ ಮುಳುಗುವುದು ಡಿಸೆಂಬರ್ 8ರ ಸುಮಾರಿಗೆ, ಅತಿ ತಡವಾಗಿ ಹುಟ್ಟುವುದು ಜನವರಿ 4ರ ಸುಮಾರಿಗೆ. ಸಮಭಾಜಕದ ಕಡೆಗೆ ಬಂದಷ್ಟೂ ಹಗಲಿನ ಉದ್ದದ ಏರಿಳಿತ ಕಡಿಮೆ, ಸರಿಯುವಿಕೆಯ ಪ್ರಭಾವ ಹೆಚ್ಚು. 15 ಡಿಗ್ರಿ ಉತ್ತರದಲ್ಲಿ ಈ ಎರಡು ದಿನಗಳು ನವೆಂಬರ್ ಮೂರನೇ ವಾರಕ್ಕೂ ಜನವರಿ 20ರ ಆಚೆಗೂ ದೂರವಾಗುತ್ತವೆ. ನಿಮ್ಮ ಕಾದಂಬರಿ ಆ ಅಕ್ಷಾಂಶಗಳಲ್ಲಿ ನಡೆಯುವುದಾದರೆ, ಸಂಕ್ರಾಂತಿ ಕಳೆದು ವಾರವಾದ ಮೇಲೂ ಸೂರ್ಯ ಡಿಸೆಂಬರಿಗಿಂತ ತಡವಾಗಿಯೇ ಹುಟ್ಟುತ್ತಾನೆಂದು ಧೈರ್ಯವಾಗಿ ಬರೆಯಿರಿ.